ಕಂಪ್ಯೂಟರ್ ತಡವರಿಸುತ್ತಿದೆಯಾ? ಪ್ರೊಸೆಸ್ ಮ್ಯಾನೇಜರ್ ಹಾಕುವ ಮುಂಚೆ, ಹಾಕಿದ ಮೇಲೆ ನೋಡಬೇಕಾದ್ದು

ನಮ್ಮ ಭಾವ ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಲಗ್ನಪತ್ರಿಕೆ ಸೀಸನ್ನಿನಲ್ಲಿ ಒಂದು ದಿನ ಫೋನ್ ಮಾಡಿ, "ನೋಡೋ, ಡಿಸೈನ್ ಸಾಫ್ಟ್‌ವೇರ್ ಬೇಗ ಓಡ್ಲಿ ಅಂತ ಏನೋ ಒಂದು ಹಾಕ್ದೆ. ಈಗ ಮೌಸೇ ಅಲ್ಲಾಡ್ತಿಲ್ಲ" ಅಂದರು. ಹೋಗಿ ನೋಡಿದರೆ ಸಿಪಿಯುನಲ್ಲಿ (ಲೆಕ್ಕ ಮಾಡುವ ಚಿಪ್ಪಿನಲ್ಲಿ) ಎರಡೇ ಕೋರ್, ಅಂದರೆ ಕೆಲಸ ಮಾಡುವ ಎರಡೇ ಕೈ, ಇರುವ ಹಳೇ ಕಂಪ್ಯೂಟರ್. ಡಿಸೈನ್ ಸಾಫ್ಟ್‌ವೇರಿಗೆ 'ರಿಯಲ್‌ಟೈಮ್' ಪ್ರಯಾರಿಟಿ, ಅಂದರೆ ಎಲ್ಲರಿಗಿಂತ ಮೊದಲ ಸರದಿ, ಕೊಟ್ಟು ಕೂರಿಸಿದ್ದಾರೆ. ಫೈಲ್ ಎಕ್ಸ್‌ಪೋರ್ಟ್ ಶುರುವಾದ ಕೂಡಲೇ ಎರಡೂ ಕೋರನ್ನು ಅದು ನುಂಗಿಕೊಳ್ಳುತ್ತದೆ. ಮೌಸು, ಕೀಬೋರ್ಡು, ಪ್ರಿಂಟರು ಎಲ್ಲ ಬಾಯಿ ಬಿಟ್ಟುಕೊಂಡು ಕಾಯಬೇಕು.

ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಪರವಾಗಿಲ್ಲ ಅನ್ನುತ್ತಾರಲ್ಲ, ಪ್ರೊಸೆಸ್ ಲಾಸೋ ತರಹದ ಪ್ರೊಸೆಸ್ ಮ್ಯಾನೇಜರುಗಳ (ಓಡುತ್ತಿರುವ ಪ್ರೋಗ್ರಾಂಗಳನ್ನು, ಅಂದರೆ ಪ್ರೊಸೆಸುಗಳನ್ನು, ಸರದಿಯಲ್ಲಿಡುವ ಯುಟಿಲಿಟಿಗಳ) ಕೆಲಸ ಅಷ್ಟೇ. ಯಾರಿಗೆ ಮೊದಲು ಬಡಿಸಬೇಕು, ಯಾರು ಸ್ವಲ್ಪ ಕಾಯಬೇಕು ಅಂತ ಹೇಳುತ್ತವೆ. ಅಡುಗೆ ಮನೆಯಲ್ಲಿ ಅನ್ನವೇ ಕಮ್ಮಿ ಇದ್ದರೆ ಬಡಿಸುವವನು ಏನು ಮಾಡಿಯಾನು? ಆದ್ದರಿಂದ ಮೊದಲು ಕೊರತೆ ಎಲ್ಲಿದೆ ಅಂತ ಹುಡುಕಬೇಕು. ಸಿಪಿಯುಗೆ ನೂಕುನುಗ್ಗಲಿದ್ದರೆ ಇವು ಕೆಲಸಕ್ಕೆ ಬರುತ್ತವೆ. ಡಿಸ್ಕು, ರ‍್ಯಾಮು, ಬಿಸಿ, ವೈರಸ್ ಇವುಗಳಲ್ಲಿ ತೊಂದರೆ ಇದ್ದರೆ ಇವುಗಳಿಂದ ಹೆಚ್ಚೇನೂ ಆಗುವುದಿಲ್ಲ.

ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಸ್ಕ್ರೂಡ್ರೈವರ್ ಕೊನೆಗೆ.

"ದಿನಾ ಆಫ್ ಮಾಡ್ತೀನಿ, ಆದ್ರೂ ಸ್ಲೋ"

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಕ್ಲಿಕ್ ಮಾಡಿ, ಕೆಳಗೆ 'ಅಪ್ ಟೈಮ್' ನೋಡಿ. ದಿನಾ ಶಟ್‌ಡೌನ್ ಮಾಡುವವರ ಕಂಪ್ಯೂಟರಿನಲ್ಲೂ ಅಲ್ಲಿ 20 ದಿನ, 30 ದಿನ ಅಂತ ಇರುವುದನ್ನು ನೋಡಿದ್ದೇನೆ. ಇದಕ್ಕೆ ಕಾರಣ 'ಫಾಸ್ಟ್ ಸ್ಟಾರ್ಟಪ್'. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಹೇಗಿದೆಯೋ ಹಾಗೇ ಡಿಸ್ಕಿಗೆ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ನಿನ್ನೆಯ ಗಲೀಜು ಇವತ್ತಿಗೂ ಇರುತ್ತದೆ.

ರೀಸ್ಟಾರ್ಟ್ ಹಾಗಲ್ಲ. ಅದು ನಿಜವಾಗಿಯೂ ಮೊದಲಿನಿಂದ ಶುರು ಮಾಡುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಒಂದು ರೀಸ್ಟಾರ್ಟ್. ಅದರಿಂದ ಸರಿಹೋಗಿ, ನಾಲ್ಕೈದು ದಿನ ಬಿಟ್ಟು ಮತ್ತೆ ನಿಧಾನವಾದರೆ, ಯಾವುದೋ ಪ್ರೋಗ್ರಾಂ ಮೆಮೊರಿ ತಿನ್ನುತ್ತಾ ಹೋಗುತ್ತಿದೆ ಅಂತ ಅನುಮಾನ ಪಡಬಹುದು. ಅದರ ವಿಷಯ ಮುಂದೆ ಇದೆ.

ಆನ್ ಮಾಡಿದ ಹತ್ತು ನಿಮಿಷ ಏನೂ ಆಗಲ್ಲ, ಆಮೇಲೆ ಸರಿ

ಇದು ಬಾಗಿಲಲ್ಲಿ ಆಗುವ ನೂಕುನುಗ್ಗಲು. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಪುಟ ತೆರೆಯಿರಿ. 'ಸ್ಟಾರ್ಟಪ್ ಇಂಪ್ಯಾಕ್ಟ್' ಕಾಲಂನಲ್ಲಿ 'ಹೈ' ಅಂತ ಇರುವುದನ್ನು ಗಮನಿಸಿ. ಆಟದ ಲಾಂಚರ್, ಮೀಟಿಂಗ್ ಆ್ಯಪ್, ಪ್ರಿಂಟರ್ ಕಂಪನಿಯ ಸಹಾಯಕ, ಇವೆಲ್ಲ ಬೆಳಿಗ್ಗೆ ಬೆಳಿಗ್ಗೆ ಏಳಬೇಕಾದ್ದಿಲ್ಲ. ಡಿಸೇಬಲ್ ಮಾಡಿ. ಅದರಿಂದ ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೋ, ಕನ್ನಡ ಕೀಬೋರ್ಡ್ ತಂತ್ರಾಂಶ ಇವನ್ನು ಮುಟ್ಟಬೇಡಿ.

ಮೌಸ್ ಓಡಾಡುತ್ತೆ, ಆದ್ರೆ ಕ್ಲಿಕ್ ಮಾಡಿದ್ದು ತೆರೆಯಲ್ಲ

ಸಿಪಿಯು 10, 15 ಪರ್ಸೆಂಟ್ ಮಾತ್ರ. ಆದರೂ ಫೋಲ್ಡರ್ ತೆರೆಯಲು ಅರ್ಧ ನಿಮಿಷ. ಇಂಥ ಕಡೆ ಡಿಸ್ಕ್ ನೋಡಿ. ಪರ್ಫಾರ್ಮೆನ್ಸ್ ಪುಟದ ಡಿಸ್ಕ್ ಭಾಗದಲ್ಲಿ 'ಆ್ಯಕ್ಟಿವ್ ಟೈಮ್' 100 ಪರ್ಸೆಂಟ್ ಇದ್ದು, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೆರಡು ಎಂಬಿ ಇದ್ದರೆ, ಡಿಸ್ಕ್ ಅಲ್ಲಿ ಇಲ್ಲಿ ಓಡಾಡಿ ಸುಸ್ತಾಗಿದೆ ಅಂತ ಅರ್ಥ. ಪಕ್ಕದಲ್ಲೇ 'ಆವರೇಜ್ ರೆಸ್ಪಾನ್ಸ್ ಟೈಮ್' ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕಿಗೆ 10, 20 ಮಿಲಿಸೆಕೆಂಡ್ ಸಹಜ. ಅದು ನೂರಾರು ಮಿಲಿಸೆಕೆಂಡಿನಲ್ಲಿ ನಿಂತೇ ಬಿಟ್ಟರೆ ಅದನ್ನು ನೀವು ಕಣ್ಣಲ್ಲೇ ಕಾಣುತ್ತೀರಿ.

ಮೊದಲು ಒಂದು ಗಂಟೆ ಸುಮ್ನೆ ಬಿಟ್ಟು ನೋಡಿ. ವಿಂಡೋಸ್ ಅಪ್‌ಡೇಟ್, ಸರ್ಚ್ ಇಂಡೆಕ್ಸಿಂಗ್, ಆಂಟಿವೈರಸ್ ಸ್ಕ್ಯಾನ್ ಇವು ಒಟ್ಟಿಗೆ ಬಿದ್ದರೂ ಹೀಗೇ ಆಗುತ್ತದೆ, ಮುಗಿದ ಮೇಲೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿ. 'ಗುಡ್' ಅಂತ ನೀಲಿ ಬಣ್ಣ ಬಂದರೆ ಡಿಸ್ಕ್ ನಿಧಾನ, ಅಷ್ಟೇ. ಆಗ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸುವುದೇ ಮದ್ದು. ಹಳೇ ಕಂಪ್ಯೂಟರಿಗೆ ನಾನು ಯಾವಾಗಲೂ ಹೇಳುವ ಮೊದಲ ಖರ್ಚು ಇದೇ. 'ಕಾಷನ್' ಅಂತ ಹಳದಿ ಬಂದರೆ ಬೇರೆ ಕೆಲಸ ಎಲ್ಲ ಬಿಟ್ಟು ಫೋಟೋ, ಲೆಕ್ಕ, ದಾಖಲೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಟಿಕ್ ಟಿಕ್ ಸದ್ದು ಬರುತ್ತಿದೆಯಾ? ಇಲ್ಲಿಗೆ ನಿಲ್ಲಿಸಿ. ಸ್ಕ್ಯಾನ್, ಚೆಕ್ ಡಿಸ್ಕ್, ಡಿಫ್ರ್ಯಾಗ್ ಯಾವುದನ್ನೂ ಓಡಿಸಬೇಡಿ. ಸಾಯುತ್ತಿರುವ ಡಿಸ್ಕನ್ನು ಇನ್ನಷ್ಟು ಓಡಿಸಿದರೆ ಉಳಿದಿರುವುದೂ ಹೋಗುತ್ತದೆ. ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ.

ಸಿಪಿಯು ನೂರಕ್ಕೆ ಏರಿ ಕೂತಿದೆ

ಪ್ರೊಸೆಸ್ ಮ್ಯಾನೇಜರ್ ಉಪಯೋಗಕ್ಕೆ ಬರುವ ಜಾಗ ಇದೇ. ಪ್ರೊಸೆಸಸ್ ಪುಟದಲ್ಲಿ ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿದರೆ ಜಾಸ್ತಿ ತಿನ್ನುವುದು ಮೇಲೆ ಬರುತ್ತದೆ.

ಇಲ್ಲೊಂದು ಲೆಕ್ಕ ಗೊತ್ತಿರಲಿ. ನಿಮ್ಮದು 8 ಲಾಜಿಕಲ್ ಪ್ರೊಸೆಸರ್ (ವಿಂಡೋಸಿಗೆ ಕಾಣುವ ಕೋರಿನ ಲೆಕ್ಕ) ಇರುವ ಕಂಪ್ಯೂಟರ್ ಅನ್ನಿ. ಒಂದು ಪ್ರೋಗ್ರಾಂ ಯಾವಾಗ ನೋಡಿದರೂ 12, 13 ಪರ್ಸೆಂಟಿನಲ್ಲೇ ಅಂಟಿಕೊಂಡು, ಅದರ ಕಿಟಕಿ ಮಾತ್ರ ಸತ್ತಂತೆ ಇದೆಯಾ? ನೂರನ್ನು 8ರಿಂದ ಭಾಗಿಸಿ. 12.5. ಅಂದರೆ ಅದರ ಒಂದು ಕೆಲಸ ಒಂದು ಕೋರಿನಲ್ಲಿ ಗಿರಗಿರ ಸುತ್ತುತ್ತಾ ಸಿಕ್ಕಿಹಾಕಿಕೊಂಡಿದೆ. 4 ಇದ್ದರೆ ಈ ಸಂಖ್ಯೆ 25 ಆಗಿರುತ್ತದೆ. ಇದಕ್ಕೆ ಪ್ರಯಾರಿಟಿ ಏರಿಸಿದರೆ ಇನ್ನೂ ಜೋರಾಗಿ ಸುತ್ತುತ್ತದೆ, ಅಷ್ಟೇ. 'ಎಂಡ್ ಟಾಸ್ಕ್' ಮಾಡಿ, ಆ ಪ್ರೋಗ್ರಾಂ ಅಪ್‌ಡೇಟ್ ಮಾಡಿ.

ಅದೇ, ವಿಡಿಯೋ ಕನ್ವರ್ಟ್ ಆಗುತ್ತಿದೆ, ಜಿಪ್ ಬಿಚ್ಚುತ್ತಿದೆ, ಪಕ್ಕದಲ್ಲಿ ನೀವು ಟೈಪ್ ಮಾಡಬೇಕು. ಇದು ತಪ್ಪಲ್ಲ, ಪಾಲಿನ ಜಗಳ. ಆ ಭಾರೀ ಪ್ರೊಸೆಸಿನ ಪ್ರಯಾರಿಟಿ ಇಳಿಸಿ. ಡೀಟೇಲ್ಸ್ ಪುಟದಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ 'ಬಿಲೋ ನಾರ್ಮಲ್' ಕೊಡಿ. ವಿಂಡೋಸ್ 11ರಲ್ಲಿ ಅದಕ್ಕೇ 'ಎಫಿಶಿಯನ್ಸಿ ಮೋಡ್' ಇದೆ, ಹಾಕಿದರೆ ಎಲೆಯ ಗುರುತು ಬರುತ್ತದೆ. ನಿಮಗೆ ಬೇಕಾದ್ದನ್ನು ಏರಿಸುವ ಬದಲು ಬೇಡದ್ದನ್ನು ಇಳಿಸುವುದೇ ಒಳ್ಳೇ ಪದ್ಧತಿ. ಪ್ರೊಸೆಸ್ ಲಾಸೋ ಕೂಡ ತನ್ನ 'ಪ್ರೋಬ್ಯಾಲೆನ್ಸ್'ನಲ್ಲಿ ಇದನ್ನೇ ಮಾಡುತ್ತದೆ. ಒಟ್ಟು ಸಿಪಿಯು ಮೇಲೆ ಒತ್ತಡ ಬಂದಾಗ, ಹಿಂದೆ ಕೂತು ಜಾಸ್ತಿ ತಿನ್ನುತ್ತಿರುವವನ ಪ್ರಯಾರಿಟಿಯನ್ನು ಸ್ವಲ್ಪ ಹೊತ್ತು ಇಳಿಸಿ, ಆಮೇಲೆ ಮೊದಲಿನಂತೆ ಮಾಡುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ನೀವು ಕೊಟ್ಟ ಪ್ರಯಾರಿಟಿ ಆ ಪ್ರೋಗ್ರಾಂ ಮುಚ್ಚಿದ ಕೂಡಲೇ ಮರೆತುಹೋಗುತ್ತದೆ. ದಿನಾ ಇದೇ ಗೋಳಾದರೆ ಮಾತ್ರ ಇಂಥ ತಂತ್ರಾಂಶ ಹಾಕಿ.

'ಸಿಸ್ಟಮ್ ಐಡಲ್ ಪ್ರೊಸೆಸ್ 95 ತಿನ್ತಿದೆ, ಹೇಗೆ ನಿಲ್ಲಿಸೋದು' ಅಂತ ಕೇಳುವವರು ಈಗಲೂ ಇದ್ದಾರೆ. ಅದು ಸಿಪಿಯು 95 ಪರ್ಸೆಂಟ್ ಖಾಲಿ ಕೂತಿದೆ ಅನ್ನುವ ಲೆಕ್ಕ. ಖುಷಿ ಪಡಿ. 'ಸಿಸ್ಟಮ್ ಇಂಟರಪ್ಟ್ಸ್' (ಹಾರ್ಡ್‌ವೇರ್ ಸಿಪಿಯುವನ್ನು ಕರೆಯುವ ಲೆಕ್ಕ) ಮಾತ್ರ ಸದಾ ಕಾಲ ಹತ್ತು ಪರ್ಸೆಂಟ್ ಹತ್ತಿರ ಇದ್ದರೆ ಡ್ರೈವರ್ (ಹಾರ್ಡ್‌ವೇರನ್ನು ನಡೆಸುವ ತಂತ್ರಾಂಶ) ಅಥವಾ ಹಾರ್ಡ್‌ವೇರ್ ಮೇಲೆ ಅನುಮಾನ. ಯುಎಸ್‌ಬಿಗೆ ಚುಚ್ಚಿದ್ದನ್ನು ಒಂದೊಂದಾಗಿ ಕಿತ್ತು ನೋಡಿ. ಹಾಡಿನ ಮಧ್ಯೆ ಚಿಟಿಚಿಟಿ ಸದ್ದು ಬರುವುದೂ ಎಷ್ಟೋ ಸಲ ಇದೇ ಕಾರಣಕ್ಕೆ.

ಎಚ್ಚರ: 'ಸರ್ವಿಸ್ ಹೋಸ್ಟ್', 'ವಿಂಡೋಸ್ ಲಾಗಾನ್', 'ಕ್ಲೈಂಟ್ ಸರ್ವರ್ ರನ್‌ಟೈಮ್' ಇವುಗಳನ್ನು ಮುಗಿಸಲು ಹೋಗಬೇಡಿ. ಇದನ್ನು ಮುಗಿಸಿದರೆ ಕಂಪ್ಯೂಟರ್ ಕೆಲಸ ಮಾಡದಿರಬಹುದು ಅಂತ ಟಾಸ್ಕ್ ಮ್ಯಾನೇಜರ್ ಎಚ್ಚರಿಸಿದರೆ, ಅದು ತಮಾಷೆ ಮಾಡುತ್ತಿಲ್ಲ.

ಬ್ರೌಸರಿನಿಂದ ವರ್ಡಿಗೆ ಹೋದರೆ ಹೆಪ್ಪುಗಟ್ಟಿ ನಿಲ್ಲುತ್ತೆ

ಒಂದೇ ಪ್ರೋಗ್ರಾಂನಲ್ಲಿ ಇರುವಷ್ಟು ಹೊತ್ತು ಚೆನ್ನಾಗಿದೆ, ಬದಲಾಯಿಸಿದರೆ ತಡ. ಇದು ರ‍್ಯಾಮ್ ಕೊರತೆ. ಪರ್ಫಾರ್ಮೆನ್ಸ್ ಪುಟದ ಮೆಮೊರಿ ಭಾಗ ನೋಡಿ. 4 ಜಿಬಿಯಲ್ಲಿ ಬ್ರೌಸರ್ ಟ್ಯಾಬ್ ಇಪ್ಪತ್ತು ತೆರೆದರೆ ಇನ್ನೇನಾಗುತ್ತದೆ? ಜಾಗ ಸಾಲದೆ ವಿಂಡೋಸ್ ಕೆಲವನ್ನು ಡಿಸ್ಕಿಗೆ ಎತ್ತಿಡುತ್ತದೆ. ನೀವು ಕೇಳಿದಾಗ ಮತ್ತೆ ಎತ್ತಿ ತರಬೇಕು.

'ರ‍್ಯಾಮ್ ಕ್ಲೀನರ್' ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಅವು ಪ್ರೊಸೆಸುಗಳ ಕೈಯಲ್ಲಿರುವ ಮೆಮೊರಿಯನ್ನು ಬಲವಂತವಾಗಿ ಕಿತ್ತು ಬದಿಗಿಡುತ್ತವೆ. ಮೀಟರಿನಲ್ಲಿ ಖಾಲಿ ಜಾಗ ಜಾಸ್ತಿ ಕಾಣುತ್ತದೆ. ಮರುಕ್ಷಣ ಆ ಪ್ರೋಗ್ರಾಂಗೆ ಅದೇ ಬೇಕು, ಮತ್ತೆ ತರಬೇಕು. ಅಟ್ಟದ ಮೇಲೆ ಪಾತ್ರೆ ಇಟ್ಟು, ಅಡುಗೆಗೆ ಮತ್ತೆ ಏಣಿ ಹಾಕಿದ ಹಾಗೆ. ಪ್ರೊಸೆಸ್ ಲಾಸೋದಲ್ಲಿ 'ಸ್ಮಾರ್ಟ್‌ಟ್ರಿಮ್' ಅನ್ನುವುದೂ ಇದೇ ಜಾತಿಯದು. ಆನ್ ಮಾಡಿದ್ದರೆ ಆಫ್ ಮಾಡಿ ನೋಡಿ.

'ಕಮಿಟೆಡ್' ಅನ್ನುವ ಕಡೆ ಎರಡು ಸಂಖ್ಯೆ ಇರುತ್ತದೆ: ಪ್ರೋಗ್ರಾಂಗಳಿಗೆ ಕೊಡಲು ವಿಂಡೋಸ್ ಒಪ್ಪಿಕೊಂಡ ಮೆಮೊರಿ ಎಷ್ಟು, ಅದರ ಮಿತಿ ಎಷ್ಟು. ಮೊದಲನೆಯದು ಎರಡನೆಯದರ ಹತ್ತಿರ ಹೋದರೆ ಪ್ರೋಗ್ರಾಂಗಳು ಪಟಪಟ ಮುಚ್ಚಿಕೊಳ್ಳುತ್ತವೆ. ರೀಸ್ಟಾರ್ಟ್ ಮಾಡಿ, ಯಾವುದರ ಮೆಮೊರಿ ಗಂಟೆಗಂಟೆಗೆ ಏರುತ್ತದೆ ಅಂತ ಗಮನಿಸಿ. ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಎತ್ತಿಡುವ ಡಿಸ್ಕಿನ ಜಾಗ) ಆಫ್ ಮಾಡಿ ಅನ್ನುವ ಸಲಹೆ ಎಲ್ಲಾದರೂ ಸಿಕ್ಕಿದರೆ ಕೇಳಬೇಡಿ.

ರ‍್ಯಾಮ್ ಕೊಳ್ಳುವ ಮುಂಚೆ ಅದೇ ಪುಟದಲ್ಲಿ 'ಸ್ಲಾಟ್ಸ್ ಯೂಸ್ಡ್' ನೋಡಿ. 2ರಲ್ಲಿ 1 ಅಂತ ಇದ್ದರೆ ಇನ್ನೊಂದು ಹಾಕಬಹುದು. 'ಫಾರ್ಮ್ ಫ್ಯಾಕ್ಟರ್' ಮುಂದೆ 'ರೋ ಆಫ್ ಚಿಪ್ಸ್' ಅಂತ ಇದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವ ಸಾಧ್ಯತೆ ಜಾಸ್ತಿ. ಅಂಗಡಿಯಲ್ಲಿ ಕೇಳಿಯೇ ದುಡ್ಡು ಕೊಡಿ.

ಯುಟಿಲಿಟಿ ಹಾಕಿದ ಮೇಲೆ ಇನ್ನೂ ಕೆಟ್ಟಿತು

ಮೊದಲು ಅದನ್ನು ನಿಜವಾಗಿ ನಿಲ್ಲಿಸಿ. ಕಿಟಕಿ ಮುಚ್ಚಿದರೆ ನಿಲ್ಲುವುದಿಲ್ಲ. ಪ್ರೊಸೆಸ್ ಲಾಸೋದಲ್ಲಿ ಕಣ್ಣಿಗೆ ಕಾಣುವ ಕಿಟಕಿ ಬೇರೆ, ಹಿಂದೆ ಕೂತು ನಿಯಮ ಜಾರಿ ಮಾಡುವ 'ಗವರ್ನರ್' ಬೇರೆ. ಕಿಟಕಿ ಮುಚ್ಚಿದರೂ ಗವರ್ನರ್ ಕೆಲಸ ಮಾಡುತ್ತಲೇ ಇರುತ್ತದೆ. ಅನುಮಾನ ಪೂರ್ತಿ ಹೋಗಬೇಕಾದರೆ ತೆಗೆದುಹಾಕಿ, ರೀಸ್ಟಾರ್ಟ್ ಮಾಡಿ, ಒಂದು ದಿನ ನೋಡಿ. ತೊಂದರೆ ಹಾಗೇ ಉಳಿದರೆ ಅದರ ತಪ್ಪಲ್ಲ. ಹೋದರೆ ಮತ್ತೆ ಹಾಕಿ, ನಿಯಮಗಳನ್ನು ಒಂದೊಂದಾಗಿ ಕೊಡಿ. ಯಾವ ಪ್ರೊಸೆಸಿಗೆ ಯಾವಾಗ ಕೈ ಹಾಕಿತು ಅಂತ ಅದರ ಲಾಗ್‌ನಲ್ಲೇ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಓದಿ.

ಮೌಸ್ ಕೂಡ ನಿಂತುಹೋಗುತ್ತದೆ ಅಂದರೆ ರಿಯಲ್‌ಟೈಮ್ ಹುಡುಕಿ. ವಿಂಡೋಸಿನಲ್ಲಿ ಪ್ರಯಾರಿಟಿ ಮಟ್ಟ 0ಯಿಂದ 31ರವರೆಗೆ. 'ನಾರ್ಮಲ್' 8, 'ಹೈ' 13, 'ರಿಯಲ್‌ಟೈಮ್' 24. ಕೆಳಗಿನ ಮಟ್ಟದಲ್ಲಿ ಯಾರಾದರೂ ಸುಮಾರು 4 ಸೆಕೆಂಡ್ ಹಸಿದು ಕೂತರೆ ವಿಂಡೋಸೇ ಅವರನ್ನು 15ಕ್ಕೆ ಎತ್ತಿ ಒಂದು ತುತ್ತು ಹಾಕುತ್ತದೆ. ಆದರೆ 24ರಲ್ಲಿ ಕೂತವನ ಮುಂದೆ 15 ಏನು ಮಾಡೀತು? ಮೌಸು, ಕೀಬೋರ್ಡು ನೋಡಿಕೊಳ್ಳುವ ಒಳಗಿನ ಕೆಲಸಗಳನ್ನೂ ಅದು ಹಿಂದೆ ತಳ್ಳಬಲ್ಲದು. ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲೇ ಇದನ್ನು ಹೆಚ್ಚುಕಮ್ಮಿ ಬಳಸಲೇಬೇಡಿ ಅನ್ನುತ್ತದೆ. ಅಡ್ಮಿನ್ ಅನುಮತಿ ಇಲ್ಲದೆ ಕೇಳಿದರೆ ರಿಯಲ್‌ಟೈಮ್ ಬದಲು 'ಹೈ' ಮಾತ್ರ ಕೊಡುತ್ತದೆ, ಅದೊಂದು ಪುಣ್ಯ.

ಭಾವನ ಅಂಗಡಿಯಲ್ಲಿ ಬಿಡಿಸಿದ್ದು ಹೀಗೆ. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದೆವು. ಆನ್ ಮಾಡಿ, ಡಿಸೈನ್ ಸಾಫ್ಟ್‌ವೇರ್ ತೆರೆಯದೇ ಬಿಟ್ಟೆವು. ಅದು ಓಡದಿದ್ದರೆ ನಿಯಮ ಯಾರ ಮೇಲೆ ಬೀಳಬೇಕು? ಯುಟಿಲಿಟಿ ತೆರೆದು ರಿಯಲ್‌ಟೈಮ್ ತೆಗೆದು 'ನಾರ್ಮಲ್' ಮಾಡಿದೆವು. ಐದು ನಿಮಿಷದ ಕೆಲಸ. ಸೇವ್ ಆಗದ ಎರಡು ಪತ್ರಿಕೆ ಮಾತ್ರ ಹೋದವು, ಅದಕ್ಕೆ ಅಕ್ಕನಿಂದ ಬೈಸಿಕೊಂಡಿದ್ದು ಬೇರೆ. ತೊಂದರೆ ಕೊಡುವ ಪ್ರೋಗ್ರಾಂ ಆನ್ ಆದ ಕೂಡಲೇ ಓಡುವಂಥದ್ದಾದರೆ, ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಸೇಫ್ ಮೋಡಿಗೆ (ಬೇಕೇಬೇಕಾದ್ದು ಮಾತ್ರ ಓಡುವ ಸ್ಥಿತಿಗೆ) ಹೋಗಿ ತೆಗೆಯಬೇಕು.

ಇನ್ನೊಂದು ಲಕ್ಷಣ ಕನ್ನಡದಲ್ಲಿ ಟೈಪ್ ಮಾಡುವವರಿಗೆ. ಬರೆಯುತ್ತಾ ಬರೆಯುತ್ತಾ ಇದ್ದಕ್ಕಿದ್ದಂತೆ ಕನ್ನಡ ನಿಂತು ಇಂಗ್ಲಿಷ್ ಅಕ್ಷರ ಬೀಳಲು ಶುರು. ಟ್ರೇಯಲ್ಲಿ (ಗಡಿಯಾರದ ಪಕ್ಕದ ಚಿಹ್ನೆಗಳ ಜಾಗದಲ್ಲಿ) ನೋಡಿದರೆ ಕೀಬೋರ್ಡ್ ತಂತ್ರಾಂಶ ಇದ್ದೇ ಇದೆ. ಇಂಥ ಕೆಲವು ತಂತ್ರಾಂಶಗಳು ನೀವು ಒತ್ತಿದ ಕೀಲಿಯನ್ನು ಮಧ್ಯದಲ್ಲೇ ಹಿಡಿದು ಕನ್ನಡ ಅಕ್ಷರ ಮಾಡಿ ಕಳಿಸುತ್ತವೆ. ಹಿಡಿದವನು ನಿಗದಿತ ಸಮಯದೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಕಾಯುವುದಿಲ್ಲ. ಇದು ಮರುಕಳಿಸಿದರೆ ಅವನನ್ನು ಸದ್ದಿಲ್ಲದೆ ಸಾಲಿನಿಂದ ತೆಗೆದೇ ಬಿಡುತ್ತದೆ. ಆ ತಂತ್ರಾಂಶದ ಪ್ರಯಾರಿಟಿಯನ್ನು ನೀವೋ ನಿಮ್ಮ ಯುಟಿಲಿಟಿಯೋ ಇಳಿಸಿದ್ದರೆ ಇದು ಆಗಬಹುದು. ಅದನ್ನು 'ನಾರ್ಮಲ್'ಗೆ ತಂದು, ಪ್ರೋಬ್ಯಾಲೆನ್ಸಿನ ವಿನಾಯಿತಿ ಪಟ್ಟಿಗೆ ಸೇರಿಸಿ, ಕೀಬೋರ್ಡ್ ತಂತ್ರಾಂಶ ಮುಚ್ಚಿ ತೆರೆಯಿರಿ.

ಪ್ರೋಗ್ರಾಂ ತೆರೆದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತಿದ್ದರೆ ಯುಟಿಲಿಟಿಯ ನಿಷೇಧಿತ ಪ್ರೊಸೆಸುಗಳ ಪಟ್ಟಿ ನೋಡಿ, ಎಂದೋ ಸೇರಿಸಿ ಮರೆತಿರುತ್ತೀರಿ. ಒಂದೇ ಪ್ರೋಗ್ರಾಂ ಆಮೆಯಾಗಿ, ಉಳಿದ ಕಂಪ್ಯೂಟರ್ ಹಾಯಾಗಿದ್ದರೆ 'ಅಫಿನಿಟಿ' (ಪ್ರೋಗ್ರಾಂ ಯಾವ ಯಾವ ಕೋರಿನಲ್ಲಿ ಓಡಬಹುದು ಅನ್ನುವ ಪಟ್ಟಿ) ನೋಡಿ. ಎಲ್ಲ ಕೋರುಗಳ ಮುಂದೆ ಟಿಕ್ ಇರಬೇಕು. ಒಂದಕ್ಕೇ ಕಟ್ಟಿಹಾಕಿದ್ದರೆ ಅದು ತಾನೇ ಎಲ್ಲಿಗೆ ಓಡೀತು? ಲ್ಯಾಪ್‌ಟಾಪ್ ಕಂಪನಿಯದ್ದೊಂದು, ನೀವು ಹಾಕಿದ್ದೊಂದು, ಹೀಗೆ ಎರಡು ಯುಟಿಲಿಟಿ ಇದ್ದರೆ ಒಂದನ್ನು ತೆಗೆಯಿರಿ. ಒಂದು ಏರಿಸಿದ್ದನ್ನು ಇನ್ನೊಂದು ಇಳಿಸುತ್ತಾ ಕೂತಿರುತ್ತವೆ.

ಫ್ಯಾನ್ ಕೂಗುತ್ತೆ, ತಳ ಸುಡುತ್ತೆ, ವೇಗ ಇಲ್ಲ

ಸಿಪಿಯು ಪುಟದಲ್ಲಿ 'ಸ್ಪೀಡ್' ಮತ್ತು 'ಬೇಸ್ ಸ್ಪೀಡ್' ಎರಡನ್ನೂ ಹೋಲಿಸಿ. ಭಾರೀ ಕೆಲಸ ಇರುವಾಗ ಸ್ಪೀಡ್ ಬೇಸ್‌ಗಿಂತ ಕೆಳಗೆ ಬಿದ್ದರೆ, ಬಿಸಿ ತಾಳದೆ ಸಿಪಿಯು ತಾನೇ ನಿಧಾನವಾಗುತ್ತಿದೆ. 0.8 ಗಿಗಾಹರ್ಟ್ಸ್ ಹತ್ತಿರ ಅಂಟಿಕೊಂಡಿದ್ದರೆ ಚಾರ್ಜರ್ ಮೇಲೂ ಅನುಮಾನ ಪಡಿ. ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರನ್ನು ಗುರುತಿಸದಿದ್ದರೆ ಹೀಗೆ ಮಾಡುತ್ತವೆ.

ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಡಿ. ಯುಟಿಲಿಟಿ ಹಾಕಿದ 'ಹೈಯೆಸ್ಟ್ ಪರ್ಫಾರ್ಮೆನ್ಸ್' ಪವರ್ ಪ್ಲಾನ್ ತೆಗೆದು 'ಬ್ಯಾಲೆನ್ಸ್ಡ್' ಮಾಡಿ. ಧೂಳು ಊದುವುದಾದರೆ ಆಫ್ ಮಾಡಿ, ಚಾರ್ಜರ್ ಕಿತ್ತು, ಫ್ಯಾನ್ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದು ಊದಿ. ಥರ್ಮಲ್ ಪೇಸ್ಟ್ (ಸಿಪಿಯು ಬಿಸಿಯನ್ನು ಸಾಗಿಸುವ ಲೇಪ) ಬದಲಾಯಿಸುವುದು ಗೊತ್ತಿದ್ದವರ ಕೆಲಸ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಬ್ಯಾಟರಿ ಊದಿದೆ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ಸೀದಾ ಸರ್ವಿಸ್ ಸೆಂಟರಿಗೆ ಹೋಗಿ.

ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಎಲ್ಲ ಸರಿಯಾಗುತ್ತೆ!

ಫ್ಯಾನ್ ಬೊಬ್ಬೆ ಹೊಡೆಯುತ್ತಿರುತ್ತದೆ. ಯಾರು ಅಂತ ನೋಡಲು ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಇಳಿದು ಎಲ್ಲ ಶಾಂತ. ಮುಚ್ಚಿದರೆ ಮತ್ತೆ ಶುರು. ಪದೇ ಪದೇ ಹೀಗಾದರೆ ಕಳ್ಳತನದಲ್ಲಿ ನಿಮ್ಮ ಸಿಪಿಯು ಬಳಸಿ ಕ್ರಿಪ್ಟೋ (ಡಿಜಿಟಲ್ ನಾಣ್ಯ) ಗಣಿ ತೋಡುವ ತಂತ್ರಾಂಶ ಇರಬಹುದು. ಕೆಲವು ಟಾಸ್ಕ್ ಮ್ಯಾನೇಜರ್ ಕಂಡ ಕೂಡಲೇ ಅಡಗಿ ಕೂರುತ್ತವೆ. ಬಿಟ್ಟಿ ಸಿಗುವ 'ಪಿಸಿ ಬೂಸ್ಟರ್', ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಇವು ಒಳಗೆ ಬರುವುದು ಹೊಸದಲ್ಲ.

ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿರುವ 'ಪ್ರೊಸೆಸ್ ಎಕ್ಸ್‌ಪ್ಲೋರರ್' ಇಳಿಸಿಕೊಂಡು ಅದರಲ್ಲಿ ನೋಡಿ. ಯಾವ ಪ್ರೊಸೆಸ್ ಯಾವ ಕಂಪನಿಯದ್ದು, ಯಾರು ಯಾರನ್ನು ಹುಟ್ಟಿಸಿದರು ಅಂತ ವಂಶವೃಕ್ಷದಂತೆ ತೋರಿಸುತ್ತದೆ. ಆಮೇಲೆ ವಿಂಡೋಸ್ ಸೆಕ್ಯೂರಿಟಿಯಲ್ಲಿ 'ಆಫ್‌ಲೈನ್ ಸ್ಕ್ಯಾನ್' ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ಏನಾದರೂ ಸಿಕ್ಕಿದರೆ ಬ್ಯಾಂಕ್, ಇಮೇಲ್ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಾಯಿಸಿ. ಭಾರತದಲ್ಲಿದ್ದು ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 'ನಿಮ್ಮ ಕಂಪ್ಯೂಟರ್ ಸ್ಲೋ ಆಗಿದೆ, ಈ ನಂಬರಿಗೆ ಕರೆ ಮಾಡಿ' ಅಂತ ಪರದೆ ಮೇಲೆ ಬರುವುದಕ್ಕೆ ಮಾತ್ರ ಮಾಡಬೇಡಿ.

ಅಂಗಡಿಗೆ ಒಯ್ಯುವ ಹೊತ್ತು

ಕಂಪ್ಯೂಟರ್ ಕುಸಿದಾಗ ಬರುವ ನೀಲಿ ಪರದೆ ವಾರಕ್ಕೆ ಎರಡು ಸಲ ಬಂದರೆ, ಸೇಫ್ ಮೋಡಿನಲ್ಲೂ ತಡವರಿಸಿದರೆ, ಸುಟ್ಟ ವಾಸನೆ ಬಂದರೆ ಮನೆಮದ್ದು ನಿಲ್ಲಿಸಿ. ಆಫೀಸಿನ ಕಂಪ್ಯೂಟರ್ ಆದರೆ ಮೊದಲೇ ಐಟಿಯವರನ್ನು ಕೇಳಿ. ಅಲ್ಲಿ ಯುಟಿಲಿಟಿ ಹಾಕುವುದೇ ನಿಯಮಕ್ಕೆ ವಿರುದ್ಧ ಇರಬಹುದು.

ಒಯ್ಯುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ತಡವರಿಸುತ್ತಿರುವ ಹೊತ್ತಿನಲ್ಲೇ ಟಾಸ್ಕ್ ಮ್ಯಾನೇಜರಿನ ಸಿಪಿಯು, ಮೆಮೊರಿ, ಡಿಸ್ಕ್ ಮೂರೂ ಪುಟಗಳನ್ನು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಅಂಗಡಿಗೆ ಹೋದಾಗ ಕಂಪ್ಯೂಟರ್ ಅಳಿಯನ ಹಾಗೆ ಸಭ್ಯವಾಗಿ ನಡೆದುಕೊಳ್ಳುತ್ತದೆ. ಫೋಟೋ ತೋರಿಸಿದರೆ, ಫಾರ್ಮ್ಯಾಟ್ ಮಾಡಬೇಕು ಅನ್ನುವ ಮುಂಚೆ ಅವರೂ ಒಂದು ನಿಮಿಷ ನೋಡುತ್ತಾರೆ.